ಅನುದಾನದ ಕಡತವೂ ಕಾಡಿನ ಕಾಲಮಾನವೂ

ಹವಾಯಿ ದ್ವೀಪದ ಮೌನಾ ಲೋವಾ ಎಂಬ ಅಗ್ನಿಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿ, ಒಂದು ವೀಕ್ಷಣಾಲಯವಿದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ಅಮೆರಿಕದ ವಿಜ್ಞಾನಿ 1958ರ ಮಾರ್ಚಿ ತಿಂಗಳಲ್ಲಿ ಅಲ್ಲಿ ಗಾಳಿಯೊಳಗಣ ಕಾರ್ಬನ್ ಡೈಆಕ್ಸೈಡನ್ನು ಅಳೆಯಲು ಆರಂಭಿಸಿದರು. ಅಂದು ಹತ್ತು ಲಕ್ಷ ಭಾಗ ಗಾಳಿಯಲ್ಲಿ ಆ ವಾಯುವು ಸುಮಾರು 313 ಭಾಗವಿದ್ದಿತು. ಇಂದು 420 ಭಾಗವನ್ನೂ ಮೀರಿದೆ. ಭೂಮಿಯ ವಾತಾವರಣವು ಮಾರ್ಪಡುತ್ತಿದೆಯೆಂಬುದಕ್ಕೆ ಈ ಅಳತೆಗಳು ಪ್ರಬಲವಾದ ಸಾಕ್ಷ್ಯವಾಗಿ ನಿಂತಿವೆ.

ಈ ಅಂಕಿಗಳಿಂದ ಬರೆದ ಏರುಗೆರೆಯನ್ನು ಸೂಕ್ಷ್ಮವಾಗಿ ನೋಡಿದವರಿಗೆ 1964ನೆಯ ಇಸವಿಯ ಬಳಿ ಒಂದು ಸಣ್ಣ ಕಂಡಿ ಕಾಣುವುದು. ಫೆಬ್ರವರಿಯಿಂದ ಏಪ್ರಿಲಿನವರೆಗಿನ ಮೂರು ತಿಂಗಳ ಅಂಕಿಗಳೇ ಅಲ್ಲಿಲ್ಲ. ಅಗ್ನಿಪರ್ವತವು ಸಿಡಿದುದರಿಂದ ಹೀಗಾಯಿತೇ ಎಂದು ಕೇಳಬಹುದು. ಹಾಗೊಮ್ಮೆ ಆದುದೂ ಉಂಟು. 2022ರ ನವೆಂಬರಿನಲ್ಲಿ ಲಾವಾರಸವು ಹರಿದು ರಸ್ತೆ ಮತ್ತು ವಿದ್ಯುತ್ತು ಕಡಿದುಹೋದಾಗ ಅಳತೆಯನ್ನು ಸಮೀಪದ ಮೌನಾ ಕೇಯಾ ಪರ್ವತಕ್ಕೆ ಸಾಗಿಸಬೇಕಾಯಿತು. ಆದರೆ 1964ರ ಕಂಡಿಗೆ ಪ್ರಕೃತಿಯು ಕಾರಣವಲ್ಲ. ಸರ್ಕಾರವು ವೆಚ್ಚವನ್ನು ಕಡಿತಗೊಳಿಸಿದುದರಿಂದ ಕೆಲಸವೇ ನಿಂತುಹೋಗಿದ್ದಿತು. ಲಾವಾರಸ ಮಾಡಬಲ್ಲ ಹಾನಿಯನ್ನು ಒಂದು ಕಚೇರಿಯ ಮೇಜೂ ಮಾಡಬಲ್ಲುದೆಂದು ಇದರಿಂದ ತಿಳಿಯುತ್ತದೆ.

ಪರಿಸರವಿಜ್ಞಾನದ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಕಾಡು, ಪ್ರಾಣಿ, ಉಪಕರಣ ಮತ್ತು ವಿಜ್ಞಾನಿಗಳ ವಿಷಯವನ್ನು ಹೇಳುತ್ತೇವೆ. ಇವೆಲ್ಲದರ ಹಿಂದೆ ಕುಳಿತು, ದಾನಿಗಳ ಹಣವನ್ನು ಕೆಲಸ ನಡೆಯುವ ಸ್ಥಳಕ್ಕೆ ಮುಟ್ಟಿಸುವ ಅನುದಾನ ಕಚೇರಿಯ ವಿಷಯವನ್ನು ಹೇಳುವುದು ವಿರಳ. ಆ ಮೇಜಿನ ಮೇಲೆ ನಡೆಯುವುದೇನು, ಅದಕ್ಕೂ ಒಂದು ಸಸಿಯ ಅಳಿವು ಉಳಿವಿಗೂ ಏನು ಸಂಬಂಧ, ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೊಡುವವರೂ ಪಡೆಯುವವರೂ

ಪರಿಸರದ ಕೆಲಸಕ್ಕೆ ಹಣ ಬರುವ ಮೂಲಗಳು ಹಲವು: ಸರ್ಕಾರದ ಇಲಾಖೆಗಳು, ಧನಿಕರು ಸ್ಥಾಪಿಸಿದ ದತ್ತಿ ಪ್ರತಿಷ್ಠಾನಗಳು, ವ್ಯಾಪಾರಸಂಸ್ಥೆಗಳು ತಮ್ಮ ಲಾಭದಿಂದ ತೆಗೆದಿರಿಸುವ ಪಾಲು. ಹಲವು ದಾನಿಗಳು ಕೂಡಿ ಒಂದೇ ನಿಧಿಯನ್ನು ನಡೆಸುವುದೂ ಉಂಟು. ಅಂಥದರಲ್ಲಿ ನಮಗೆ ಹತ್ತಿರವಾದುದು 2000ದಲ್ಲಿ ಸ್ಥಾಪಿತವಾದ ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಶಿಪ್ ಫಂಡ್ ಎಂಬ ನಿಧಿ. ಕನ್ಸರ್ವೇಷನ್ ಇಂಟರ್‌ನ್ಯಾಷನಲ್ ಸಂಸ್ಥೆ, ವಿಶ್ವಬ್ಯಾಂಕು, ಜಾಗತಿಕ ಪರಿಸರ ನಿಧಿ, ಮೆಕಾರ್ಥರ್ ಪ್ರತಿಷ್ಠಾನ, ಜಪಾನ್ ಸರ್ಕಾರ ಮೊದಲಾದವು ಇದರಲ್ಲಿ ಪಾಲುಗೊಂಡವು. ಜೀವವೈವಿಧ್ಯವು ಹೆಚ್ಚಾಗಿದ್ದು ಅಪಾಯವೂ ಹೆಚ್ಚಾಗಿರುವ ಪ್ರದೇಶಗಳಿಗೆ ಮಾತ್ರ ಈ ನಿಧಿಯ ಹಣ ಸಲ್ಲುತ್ತದೆ. ಒಂದು ಪ್ರದೇಶವು ಈ ಪಟ್ಟಿಗೆ ಸೇರಬೇಕಾದರೆ ಅಲ್ಲಿ ಬೇರೆಲ್ಲಿಯೂ ಬೆಳೆಯದ ಸಸ್ಯಜಾತಿಗಳು ಕನಿಷ್ಠ 1,500 ಇರಬೇಕು. ಅದರ ಮೂಲ ಸಸ್ಯಸಂಪತ್ತಿನಲ್ಲಿ ಶೇಕಡಾ 70ರಷ್ಟಾದರೂ ನಾಶವಾಗಿರಬೇಕು. ನಮ್ಮ ಪಶ್ಚಿಮಘಟ್ಟಗಳು ಶ್ರೀಲಂಕೆಯೊಡನೆ ಕೂಡಿ ಈ ಪಟ್ಟಿಯಲ್ಲಿವೆ. ಇದು ಹೆಮ್ಮೆಯ ಸಂಗತಿಯೂ ಹೌದು, ವಿಷಾದದ ಸಂಗತಿಯೂ ಹೌದು.

2008ರಿಂದ ಕೆಲವು ವರ್ಷಗಳ ಕಾಲ ಈ ನಿಧಿಯು ಪಶ್ಚಿಮಘಟ್ಟಗಳಲ್ಲಿ ಅನುದಾನಗಳನ್ನು ಹಂಚಿತು. ದೂರದ ವಿದೇಶೀ ಕಚೇರಿಯೊಂದು ಸಹ್ಯಾದ್ರಿಯ ಮಡಿಲಿನ ಚಿಕ್ಕ ಸಂಘವೊಂದರ ಯೋಗ್ಯತೆಯನ್ನು ಅರಿಯುವುದು ಕಷ್ಟ. ಆದುದರಿಂದ ಬೆಂಗಳೂರಿನಲ್ಲಿ 1996ರಲ್ಲಿ ಸ್ಥಾಪಿತವಾಗಿದ್ದ ಏಟ್ರೀ ಎಂಬ ಸಂಶೋಧನ ಸಂಸ್ಥೆಯು ಈ ಪ್ರದೇಶದ ನಿರ್ವಹಣಾತಂಡವಾಗಿ ಕೆಲಸಮಾಡಿತು. ಅರ್ಜಿಗಳನ್ನು ಆಹ್ವಾನಿಸುವುದು, ಪರಿಶೀಲಿಸುವುದು, ಕೆಲಸವು ನಡೆಯುತ್ತಿದೆಯೇ ಎಂದು ನೋಡುವುದು, ಲೆಕ್ಕ ಬರೆಯಲು ತಿಳಿಯದವರಿಗೆ ತಿಳಿಸಿಕೊಡುವುದು, ಇವೆಲ್ಲ ಇಂಥ ತಂಡದ ಪಾಲಿನ ಕೆಲಸಗಳು.

ಕಡತದ ಪಯಣ

ದೊಡ್ಡ ದತ್ತಿಸಂಸ್ಥೆಯಲ್ಲಿ ಸಾಮಾನ್ಯವಾಗಿ ಇಬ್ಬರು ಅಧಿಕಾರಿಗಳು ಜೊತೆಯಾಗಿ ಕೆಲಸ ಮಾಡುವರು. ಯಾವ ಕೆಲಸಕ್ಕೆ ಹಣ ಕೊಡುವುದು ಯುಕ್ತವೆಂದು ಆಲೋಚಿಸುವವರು ಕಾರ್ಯಕ್ರಮಾಧಿಕಾರಿ. ಕೊಟ್ಟ ಹಣವು ಕ್ರಮವಾಗಿ ಸಲ್ಲುವಂತೆ ನೋಡುವವರು ಅನುದಾನಾಧಿಕಾರಿ. ಮೊದಲನೆಯವರಿಗೆ ಸಭೆಗಳಲ್ಲಿ ಸನ್ಮಾನ ಉಂಟು. ಎರಡನೆಯವರ ಹೆಸರು ಪತ್ರದ ಕೆಳಗಿನ ಸಹಿಯಲ್ಲಿ ಮಾತ್ರ ಕಾಣುವುದು.

ಅರ್ಜಿಯು ಬಂದೊಡನೆ ಅನುದಾನಾಧಿಕಾರಿಯು ಮೊದಲು ನೋಡುವುದು ಅರ್ಜಿದಾರರ ಗುರುತನ್ನು. ಸಂಘವು ನೋಂದಣಿಯಾಗಿದೆಯೇ, ಅದರ ಆಡಳಿತಮಂಡಲಿಯಲ್ಲಿ ಯಾರಿದ್ದಾರೆ, ಹಿಂದಿನ ವರ್ಷಗಳ ಲೆಕ್ಕವನ್ನು ಪರಿಶೋಧಕರು ನೋಡಿದ್ದಾರೆಯೇ ಎಂದು ವಿಚಾರಿಸಬೇಕು. ಎರಡನೆಯದಾಗಿ ಅಂದಾಜುಪಟ್ಟಿ. ಜೀಪಿನ ಬಾಡಿಗೆ, ಕಾವಲುಗಾರನ ಸಂಬಳ, ಸಸಿಚೀಲ, ಗೊಬ್ಬರ, ಕಾಗದ, ಅಂಚೆ ಎಂಬಿವು ಬೇರೆಬೇರೆ ಬಾಬುಗಳಾಗಿ ನಿಲ್ಲುತ್ತವೆ. ಇಲ್ಲಿ ಅನುಭವಸ್ಥರ ಕಣ್ಣು ಅಂಕಿಗಳ ಮೊತ್ತಕ್ಕಿಂತ ಬಿಟ್ಟುಹೋದ ಬಾಬನ್ನು ಹುಡುಕುವುದು. ಹತ್ತು ಸಾವಿರ ಸಸಿಗಳನ್ನು ನೆಡುವೆವೆಂದು ಬರೆದು, ಬೇಸಗೆಯಲ್ಲಿ ನೀರು ಹೊರುವವರ ಕೂಲಿಯನ್ನು ಬರೆಯದಿದ್ದರೆ, ಆ ಪಟ್ಟಿಯ ಕೂಡುಕಳೆ ಎಷ್ಟೇ ಸರಿಯಾಗಿದ್ದರೂ ಅದು ಸರಿಯಾದ ಪಟ್ಟಿಯಲ್ಲ.

ಮೂರನೆಯದು ಕರಾರುಪತ್ರ. ಯಾವ ಉದ್ದೇಶಕ್ಕೆ ಎಷ್ಟು ಹಣ, ಎಷ್ಟು ಕಂತು, ಯಾವ ದಿನಾಂಕಕ್ಕೆ ಯಾವ ವರದಿ ಎಂಬುದನ್ನು ಅದು ನಿಶ್ಚಯಿಸುವುದು. ಬಳಿಕ ಮೊದಲ ಕಂತು, ವರದಿ, ಎರಡನೆಯ ಕಂತು, ನಡುವೆ ಸ್ಥಳಪರೀಕ್ಷೆ, ಕೊನೆಗೆ ಹಣಬಳಕೆಯ ಪ್ರಮಾಣಪತ್ರ, ಮುಕ್ತಾಯದ ವರದಿ. ಇಷ್ಟು ಮುಗಿದರೆ ಕಡತವನ್ನು ಕಟ್ಟಿ ಅಟ್ಟಕ್ಕೆ ಏರಿಸುವರು.

ಇಷ್ಟೊಂದು ಕಾಗದವೇಕೆ ಎಂದು ಕ್ಷೇತ್ರದಲ್ಲಿ ದುಡಿಯುವವರು ಬೇಸರಪಡುವುದುಂಟು. ಆದರೆ ಇದು ಕೇವಲ ಗುಮಾಸ್ತರ ಹವ್ಯಾಸದಿಂದ ಹುಟ್ಟಿದುದಲ್ಲ. ದತ್ತಿಯ ಹಣಕ್ಕೆ ತೆರಿಗೆಯ ವಿನಾಯಿತಿ ಇರುವುದರಿಂದ ಅದು ಒಂದು ದೃಷ್ಟಿಯಿಂದ ಸಾರ್ವಜನಿಕರ ಹಣವೇ ಆಗುತ್ತದೆ. ಅಮೆರಿಕದಲ್ಲಿ ಕೆಲವರು ಪ್ರತಿಷ್ಠಾನದ ಹೆಸರಿನಲ್ಲಿ ಸ್ವಂತ ಲಾಭ ಮಾಡಿಕೊಳ್ಳುತ್ತಿದ್ದಾರೆಂಬ ದೂರು ಬಲಿತಾಗ 1969ರ ತೆರಿಗೆ ಸುಧಾರಣಾ ಕಾಯಿದೆಯು ಜಾರಿಗೆ ಬಂದಿತು. ಇಂದು ಅಲ್ಲಿಯ ಖಾಸಗೀ ಪ್ರತಿಷ್ಠಾನಗಳು ತಮ್ಮ ಹೂಡಿಕೆಯ ಮೌಲ್ಯದಲ್ಲಿ ಸುಮಾರು ಶೇಕಡಾ 5ರಷ್ಟನ್ನು ವರ್ಷವರ್ಷವೂ ಸತ್ಕಾರ್ಯಕ್ಕೆ ವಿನಿಯೋಗಿಸಬೇಕು. ಸಾರ್ವಜನಿಕ ದತ್ತಿಸಂಸ್ಥೆಯೆಂದು ಮನ್ನಣೆ ಪಡೆಯದವರಿಗೆ ಹಣ ಕೊಟ್ಟಲ್ಲಿ, ಅದು ಹೇಳಿದ ಉದ್ದೇಶಕ್ಕೇ ಸಂದಿತೆಂಬುದನ್ನು ನೋಡಿಕೊಳ್ಳುವ ಹೊಣೆಯೂ ಅವುಗಳ ಮೇಲಿದೆ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ. ನಂಬಿಕೆಯು ಬಹುಕಾಲ ಬಾಳಲು ಮಾಡಿಕೊಂಡ ಏರ್ಪಾಡು.

ಹೊಂದದ ಪಂಚಾಂಗಗಳು

ಕಾಗದವೇ ದೋಷವಲ್ಲವಾದರೆ ತೊಡಕು ಇರುವುದೆಲ್ಲಿ? ಅದು ಇರುವುದು ಕಾಲಗಣನೆಯಲ್ಲಿ. ಅನುದಾನಾಧಿಕಾರಿಯ ಮೇಜಿನ ಮೇಲೆ ಒಂದರೊಡನೊಂದು ಹೊಂದದ ಎರಡು ಪಂಚಾಂಗಗಳಿವೆ. ಒಂದು ಕಚೇರಿಯದು, ನಮ್ಮ ದೇಶದಲ್ಲಿ ಅದು ಏಪ್ರಿಲ್ 1ರಂದು ಹುಟ್ಟಿ ಮಾರ್ಚಿ 31ರಂದು ಕೊನೆಗೊಳ್ಳುತ್ತದೆ. ಇನ್ನೊಂದು ಕಾಡಿನದು, ಅದರ ಯುಗಾದಿ ಮುಂಗಾರಿನ ಮೊದಲ ಮಳೆ.

ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಸಾಲುಧೂಪವೆಂಬ ಎತ್ತರವಾದ ಮರವಿದೆ. ಅದರ ಬೀಜಗಳು ಮುಂಗಾರಿನ ಆಸುಪಾಸಿನಲ್ಲಿ ಮಾಗಿ ಉದುರುತ್ತವೆ. ರಾಗಿಯನ್ನೋ ಭತ್ತವನ್ನೋ ಒಣಗಿಸಿ ಕಣಜದಲ್ಲಿಡುವಂತೆ ಇವುಗಳನ್ನು ಇಡಲಾಗದು. ಒಣಗಿದರೆ ಮೊಳೆಯುವ ಶಕ್ತಿಯೇ ಹೋಗಿಬಿಡುವುದು. ತೇವಭರಿತ ನೆಲದಲ್ಲಿ ಬಿದ್ದೊಡನೆ ಮೊಳೆಯುವಂತೆ ಪ್ರಕೃತಿಯು ಇವನ್ನು ರೂಪಿಸಿದೆ. ಮಳೆಕಾಡಿನ ಅನೇಕ ಮರಗಳ ಬೀಜಗಳ ಗುಣ ಹೀಗೆಯೇ.

ಹಾಳಾದ ಒಂದು ಕಾಡಿನಂಚಿನಲ್ಲಿ ಈ ಮರವನ್ನು ಮತ್ತೆ ಬೆಳೆಸಲು ಒಂದು ಸಂಘಕ್ಕೆ ಏಪ್ರಿಲಿನಿಂದ ಮೂರು ವರ್ಷಗಳ ಅನುದಾನ ದೊರೆಯಿತೆಂದು ಭಾವಿಸೋಣ. ಮೊದಲ ಕಂತು ಮೇ ತಿಂಗಳಲ್ಲಿ ತಲಪಿದರೆ ಜೂನಿನಲ್ಲಿ ಬೀಜ ಕೂಡಿಸಿ ಸಸಿಮಡಿಯಲ್ಲಿ ಹಾಕಬಹುದು. ಮುಂದಿನ ವರ್ಷದ ಮಳೆಗಾಲಕ್ಕೆ ಸಸಿಯನ್ನು ನೆಲದಲ್ಲಿ ಊರಬಹುದು. ಅವಧಿ ತೀರುವ ಹೊತ್ತಿಗೆ ಆ ಗಿಡವು ಎರಡು ಮಳೆಗಾಲಗಳನ್ನೂ ಒಂದು ಪೂರ್ಣ ಬೇಸಗೆಯನ್ನೂ ಕಂಡಿರುವುದು. ಅದು ಬದುಕೀತೇ ಎಂಬುದಕ್ಕೆ ಅಷ್ಟಿಷ್ಟು ಉತ್ತರ ದೊರೆತಿರುವುದು.

ಈಗ, ಕರಾರುಪತ್ರದಲ್ಲಿ ಒಂದು ಸಹಿ ಬಿಟ್ಟುಹೋಗಿ ಕಂತು ಆಗಸ್ಟಿನಲ್ಲಿ ಬಂದಿತೆಂದು ಭಾವಿಸೋಣ. ಬೀಜದ ಕಾಲ ಆಗಲೇ ಕಳೆದಿದೆ. ಇನ್ನು ಬೀಜ ಸಿಕ್ಕುವುದು ಎರಡನೆಯ ವರ್ಷದ ಜೂನಿಗೆ. ಸಸಿಯು ನೆಲ ಸೇರುವುದು ಮೂರನೆಯ ವರ್ಷದ ಮಳೆಯಲ್ಲಿ. ಮಾರ್ಚಿ 31ಕ್ಕೆ ಅನುದಾನ ಮುಗಿಯುವಾಗ ಆ ಗಿಡ ಇನ್ನೂ ಒಂದು ಬೇಸಗೆಯನ್ನೂ ದಾಟಿಲ್ಲ. ನೀರುಣಿಸುವವನ ಕೂಲಿ ನಿಲ್ಲುವುದು ನೀರು ಅತ್ಯಗತ್ಯವಾದ ಏಪ್ರಿಲಿನಲ್ಲಿ! ಕಚೇರಿಯಲ್ಲಿ ಆದ ಮೂರು ತಿಂಗಳ ವಿಳಂಬವು ಕಾಡಿನಲ್ಲಿ ಒಂದು ವರ್ಷದ ನಷ್ಟವಾಗಿ ಪರಿಣಮಿಸುವ ಬಗೆ ಇದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಒಂದು ಕಾಸೂ ಪೋಲಾಗಿರುವುದಿಲ್ಲ.

ಕಾನೂನಿನಲ್ಲಿಯೂ ಈ ಮೂರು ವರ್ಷಗಳ ಅಳತೆಗೋಲು ಕಾಣಬರುತ್ತದೆ. 2013ರ ಕಂಪನಿ ಕಾಯಿದೆಯ ಪ್ರಕಾರ, ನಿವ್ವಳ ಆಸ್ತಿ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿಯನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಪರಿಸರದ ರಕ್ಷಣೆಯೂ ಆ ಕೆಲಸಗಳ ಪಟ್ಟಿಯಲ್ಲಿದೆ. ಹಲವು ವರ್ಷ ನಡೆಯುವ ಯೋಜನೆಗೂ ಅವಕಾಶವುಂಟು. ಆದರೆ ಅದು ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳನ್ನು ಮೀರುವಂತಿಲ್ಲ.

ಇದರ ಎದುರಿಗೆ ಪ್ರಕೃತಿಯ ಅಧ್ಯಯನದ ಕಾಲಮಾನವನ್ನು ನೋಡಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮುದುಮಲೈ ಕಾಡಿನಲ್ಲಿ 1988ರಲ್ಲಿ 50 ಹೆಕ್ಟೇರುಗಳ ಒಂದು ತಾಕನ್ನು ಗುರುತಿಸಿ, ಒಂದು ಸೆಂಟಿಮೀಟರು ದಪ್ಪವಿರುವ ಗಿಡದಿಂದ ಹಿಡಿದು ಪ್ರತಿಯೊಂದು ಮರಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿದರು. ಯಾವುದು ಸತ್ತಿತು, ಯಾವುದು ಹೊಸದಾಗಿ ಬಂದಿತು ಎಂದು ಪ್ರತಿವರ್ಷವೂ ನೋಡಿ, ನಾಲ್ಕು ವರ್ಷಗಳಿಗೊಮ್ಮೆ ಎಲ್ಲವುಗಳ ದಪ್ಪವನ್ನು ಅಳೆಯುವುದು ಅಲ್ಲಿಯ ಕ್ರಮ. ಬೆಂಕಿ, ಬರಗಾಲ, ಆನೆ ಇವು ಕಾಡನ್ನು ಹೇಗೆ ಮಾರ್ಪಡಿಸುತ್ತವೆಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ. ನಾಲ್ಕು ವರ್ಷಗಳಿಗೊಮ್ಮೆ ಅಳೆಯುವ ಕೆಲಸಕ್ಕೆ ಮೂರೇ ವರ್ಷಗಳ ಅನುದಾನವನ್ನು ಕೊಟ್ಟರೆ ಎರಡನೆಯ ಅಳತೆಯೇ ನಡೆಯದೆ ಹೋದೀತು!

ಕೀಲಿಂಗರಿಗೂ ಬಾಳುದ್ದಕ್ಕೂ ಈ ತೊಡಕು ತಪ್ಪಲಿಲ್ಲ. ಇದು ಹೊಸ ಸಂಶೋಧನೆಯಲ್ಲ, ದಿನಚರಿಯ ದಾಖಲೆ ಮಾತ್ರವೆಂಬ ಆಕ್ಷೇಪಣೆಯನ್ನು ಹಣ ಕೊಡುವವರಿಂದ ಅವರು ಎದುರಿಸಬೇಕಾಯಿತು. 1998ರಲ್ಲಿ ಪ್ರಕಟವಾದ ಒಂದು ದೀರ್ಘ ಪ್ರಬಂಧದಲ್ಲಿ ಅವರು ಇದನ್ನೆಲ್ಲ ವಿವರಿಸಿದ್ದಾರೆ. ಅವರ ಅನಂತರ ಕೆಲಸವನ್ನು ಮುಂದುವರಿಸಿದ ಮಗ ರಾಲ್ಫ್ ಕೀಲಿಂಗ್ 2013ರ ಕೊನೆಯಲ್ಲಿ ಸಾರ್ವಜನಿಕರಲ್ಲಿಯೇ ನೆರವನ್ನು ಯಾಚಿಸಬೇಕಾಯಿತು. ಬಳಿಕ ಎರಿಕ್ ಮತ್ತು ವೆಂಡಿ ಶ್ಮಿಟ್ ದಂಪತಿಗಳ ದತ್ತಿಯಿಂದ ಐದು ವರ್ಷಗಳಿಗೆ ಸಹಾಯ ದೊರೆಯಿತು. ಜಗತ್ಪ್ರಸಿದ್ಧವಾದ ಅಳತೆಯ ಗತಿಯೇ ಹೀಗಿರುವಾಗ, ಹೆಸರಿಲ್ಲದ ಹಳ್ಳವೊಂದರ ಮೀನನ್ನು ಎಣಿಸುವವರ ಪಾಡನ್ನು ಊಹಿಸಬಹುದು.

ನಮೂನೆಯ ಒಂದು ಪ್ರಶ್ನೆ

ಅನುದಾನ ಕಚೇರಿಯು ಕಾಡನ್ನು ಮುಟ್ಟುವ ಇನ್ನೊಂದು ದಾರಿಯಿದೆ. ಅದು ವರದಿಯ ನಮೂನೆ. ‘ಎಷ್ಟು ಸಸಿಗಳನ್ನು ನೆಟ್ಟಿರಿ?’ ಎಂದು ನಮೂನೆಯಲ್ಲಿ ಕೇಳಿದ್ದರೆ ಸಂಘವು ಹೆಚ್ಚು ಸಸಿಗಳನ್ನು ನೆಡುವುದು. ಬೇಗ ಬೆಳೆಯುವ, ಸುಲಭವಾಗಿ ದೊರೆಯುವ ಜಾತಿಗಳನ್ನು ಒತ್ತೊತ್ತಾಗಿ ನೆಟ್ಟು ಅಂಕಿಯನ್ನು ತುಂಬುವುದು. ಅದರ ಬದಲು, ‘ಎರಡನೆಯ ಬೇಸಗೆಯ ಕೊನೆಗೆ ಬದುಕಿರುವ ಸಸಿಗಳೆಷ್ಟು, ಅವು ಯಾವ ಜಾತಿಯವು?’ ಎಂದು ಕೇಳಿದ್ದರೆ ಅದೇ ಸಂಘವು ಕಡಮೆ ಸಸಿಗಳನ್ನು ನೆಟ್ಟು, ಬೇಲಿ ಕಟ್ಟಿ, ಬುಡಕ್ಕೆ ತರಗು ಹಾಸಿ ಕಾಯುವುದು. ಕೇಳಿದ ಪ್ರಶ್ನೆಗೆ ತಕ್ಕ ಕಾಡು ಬೆಳೆಯುತ್ತದೆ ಎಂದರೆ ಅತಿಶಯವಲ್ಲ.

ಇದನ್ನು ಬಲ್ಲ ಅನುದಾನಾಧಿಕಾರಿಯ ಕೈಯಲ್ಲಿ ಕೆಲವು ಚಿಕ್ಕ ಆದರೆ ಬೆಲೆಯುಳ್ಳ ಸಾಧನಗಳಿವೆ. ಮೊದಲ ಕಂತನ್ನು ಬೀಜದ ಕಾಲಕ್ಕೆ ಮುಂಚೆ ತಲಪಿಸಲು ಕಾಗದಗಳನ್ನು ಡಿಸೆಂಬರಿನಲ್ಲಿಯೇ ಆರಂಭಿಸುವುದು ಒಂದು. ಮಳೆ ಕೈಕೊಟ್ಟಾಗ, ಹೆಚ್ಚಿನ ಹಣವನ್ನು ಕೊಡದೆಯೇ ಅವಧಿಯನ್ನು ಆರು ತಿಂಗಳೋ ವರ್ಷವೋ ಮುಂದುವರಿಸುವುದು ಇನ್ನೊಂದು. ಒಂದು ಬಾಬಿನಲ್ಲಿ ಉಳಿದುದನ್ನು ಕೊರತೆಯಿರುವ ಬಾಬಿಗೆ ಸೇರಿಸಲು ಅನುಮತಿ ಕೊಡುವುದು ಮತ್ತೊಂದು. ಎಲ್ಲಕ್ಕಿಂತ ಮುಖ್ಯವಾದುದು, ಸೋಲನ್ನು ಸೋಲೆಂದೇ ಬರೆದು ಕಳುಹಿಸಿದ ಸಂಘವನ್ನು ಶಿಕ್ಷಿಸದಿರುವುದು. ಅರ್ಧದಷ್ಟು ಸಸಿಗಳು ಸತ್ತವೆಂದು ನಿಜ ಹೇಳಿದವರಿಗೆ ಮುಂದಿನ ಕಂತು ನಿಂತುಹೋದರೆ, ಆಮೇಲೆ ಯಾವ ವರದಿಯಲ್ಲಿಯೂ ಸಸಿಗಳು ಸಾಯುವುದಿಲ್ಲ. ಏಕೆ ಸತ್ತವೆಂಬ ಅರಿವು ಮಾತ್ರ ಯಾರಿಗೂ ದೊರೆಯದೆ ಹೋಗುತ್ತದೆ.

ಇಂಥ ಕೆಲಸಕ್ಕೆ ಲೆಕ್ಕಶಾಸ್ತ್ರದ ಅರಿವು ಸಾಲದು. ಮುಂಗಾರು ಯಾವಾಗ ಬರುವುದು, ಕಾಡಿನ ಹಾದಿ ಯಾವ ತಿಂಗಳಲ್ಲಿ ಮುಚ್ಚುವುದು, ಸಂತೆಯಲ್ಲಿ ಬಿದಿರು ಕೊಂಡರೆ ರಸೀತಿ ದೊರೆಯುವುದೇ ಎಂಬುದೂ ತಿಳಿದಿರಬೇಕು. ಕಚೇರಿಯನ್ನು ಬಿಟ್ಟು ವರ್ಷಕ್ಕೊಮ್ಮೆಯಾದರೂ ಜಿಗಣೆ ಕಚ್ಚಿಸಿಕೊಂಡು ಬಂದ ಅಧಿಕಾರಿಯ ನಮೂನೆಗೂ, ಹಾಗೆ ಬಾರದವರ ನಮೂನೆಗೂ ಇರುವ ವ್ಯತ್ಯಾಸವನ್ನು ಅರ್ಜಿದಾರರು ಒಂದೇ ನೋಟದಲ್ಲಿ ಗುರುತಿಸಬಲ್ಲರು.

ಕಾನೂನು ಬದಲಾದಾಗ

ಅಧಿಕಾರಿಯು ಎಷ್ಟೇ ದಕ್ಷರಾದರೂ ಅವರ ಕೈ ಮೀರಿದ ಸಂಗತಿಗಳೂ ಇವೆ. ವಿದೇಶದಿಂದ ಬರುವ ದೇಣಿಗೆಯನ್ನು ನಮ್ಮ ದೇಶದಲ್ಲಿ 1976ರಿಂದಲೂ ಒಂದು ಪ್ರತ್ಯೇಕ ಕಾಯಿದೆಯು ನಿಯಂತ್ರಿಸುತ್ತ ಬಂದಿದೆ; 2010ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯಿದೆಯಾಯಿತು. 2020ರ ಸೆಪ್ಟೆಂಬರಿನಲ್ಲಿ ಆದ ತಿದ್ದುಪಡಿಯಿಂದ ಮೂರು ಮುಖ್ಯವಾದ ಮಾರ್ಪಾಡುಗಳಾದವು. ದೇಣಿಗೆಯು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದು ಗೊತ್ತಾದ ಶಾಖೆಯ ಖಾತೆಗೇ ಬರಬೇಕು. ಆಡಳಿತದ ವೆಚ್ಚವು ಹಿಂದೆ ಶೇಕಡಾ 50ರವರೆಗೆ ಇರಬಹುದಾಗಿದ್ದುದು 20ಕ್ಕೆ ಇಳಿಯಿತು. ಒಂದು ಸಂಸ್ಥೆಯು ತಾನು ಪಡೆದ ವಿದೇಶೀ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವುದು ಸಂಪೂರ್ಣವಾಗಿ ನಿಷಿದ್ಧವಾಯಿತು.

ಹಣದ ಜಾಡು ಸ್ಪಷ್ಟವಾಗಿರಬೇಕು, ದುರುಪಯೋಗವು ನಿಲ್ಲಬೇಕು ಎಂಬುದು ಸರ್ಕಾರವು ಕೊಟ್ಟ ಕಾರಣ. ಅದು ಅಲ್ಲಗಳೆಯತಕ್ಕ ಮಾತಲ್ಲ. ಆದರೆ ಪರಿಣಾಮವನ್ನೂ ನೋಡಬೇಕು. ದೊಡ್ಡ ಸಂಸ್ಥೆಯೊಂದು ವಿದೇಶದ ನಿಧಿಯನ್ನು ಒಟ್ಟಾಗಿ ಪಡೆದು, ಲೆಕ್ಕದ ಭಾರವನ್ನು ತಾನು ಹೊತ್ತು, ನೋಂದಣಿಯುಳ್ಳ ಚಿಕ್ಕ ಸಂಘಗಳಿಗೆ ಹಂಚುವ ಮಾರ್ಗವು ಇದರಿಂದ ಮುಚ್ಚಿಹೋಯಿತು. ಕಪ್ಪೆಯ ಕೂಗನ್ನು ಕೇಳಿ ಜಾತಿಯನ್ನು ಹೇಳಬಲ್ಲವರು ವಿದೇಶೀ ದಾನಿಗೆ ಇಂಗ್ಲಿಷಿನಲ್ಲಿ ಅರ್ಜಿಯನ್ನೂ ಬರೆಯಬಲ್ಲರೆಂಬ ನಿಯಮವೇನಿಲ್ಲ. ಅವರಿಬ್ಬರ ನಡುವೆ ಸೇತುವೆಯಾಗಿದ್ದುದು ಹಂಚುವ ಕಚೇರಿ. ಇಂದು ಅಂಥ ಸಂಘಗಳು ಹೆಚ್ಚಾಗಿ ದೇಶದೊಳಗಿನ ದಾನಿಗಳನ್ನೂ ಕಂಪನಿಗಳ ಶೇಕಡಾ 2ರ ಪಾಲನ್ನೂ ಅವಲಂಬಿಸಬೇಕಾಗಿದೆ. ಆದುದರಿಂದಲೇ ನಮ್ಮ ನಾಡಿನ ಕೊಡುಗೈಗಳು ಅನುದಾನದ ವಿದ್ಯೆಯನ್ನು ಕಲಿಯುವುದು ಹಿಂದೆಂದಿಗಿಂತಲೂ ಅಗತ್ಯವಾಗಿದೆ.

ಹಿರಿಯರ ಏರ್ಪಾಡು

ಈ ವಿದ್ಯೆ ನಮಗೆ ಪೂರ್ತಿಯಾಗಿ ಹೊಸದೇನೂ ಅಲ್ಲ. ಕರ್ನಾಟಕದ ಶಿಲಾಶಾಸನಗಳಲ್ಲಿ ಕೆರೆಗಳಿಗೆ ಬಿಟ್ಟ ದತ್ತಿಗಳ ಉಲ್ಲೇಖ ಹೇರಳವಾಗಿದೆ. ಕೆರೆಯನ್ನು ಕಟ್ಟಿಸಿದೊಡನೆ ಕೆಲಸ ಮುಗಿಯಿತೆಂದು ಅಂದಿನವರು ಭಾವಿಸಲಿಲ್ಲ. ಹೂಳು ವರ್ಷವರ್ಷವೂ ತುಂಬುವುದು; ಏರಿ ಮಳೆಮಳೆಗೂ ಕೊರೆಯುವುದು. ಆದುದರಿಂದ ಕೆರೆಯ ನೀರಿನಿಂದ ಬೆಳೆದ ಬೆಳೆಯಲ್ಲಿ ಒಂದಂಶವನ್ನು ಅದರ ದುರಸ್ತಿಗೆ ಮೀಸಲಿಡುತ್ತಿದ್ದರು. ಇದಕ್ಕೆ ಬಿತ್ತುವಟ್ಟವೆಂದು ಹೆಸರು. ಕೆರೆಯನ್ನು ಕಟ್ಟಿ ಕಾಪಾಡಿದವರಿಗೆ ಭೂಮಿಯನ್ನು ಬಿಡುವ ಕಟ್ಟುಕೊಡಗೆಯೂ ಇದ್ದಿತು. ಹೂಳು ಪ್ರತಿವರ್ಷ ಬರುವುದಾದರೆ ಹಣವೂ ಪ್ರತಿವರ್ಷ ಬರತಕ್ಕದ್ದೆಂಬುದು ಅವರ ಲೆಕ್ಕ. ದತ್ತಿಯನ್ನು ಕೆಡಿಸಿದವರಿಗೆ ಘೋರಪಾಪ ತಟ್ಟುವುದೆಂಬ ಶಾಪವನ್ನು ಶಾಸನದ ಕೊನೆಯಲ್ಲಿ ಕೆತ್ತಿಸುತ್ತಿದ್ದರು. ಇಂದು ಆ ಸ್ಥಾನವನ್ನು ಲೆಕ್ಕಪರಿಶೋಧಕರು ವಹಿಸಿದ್ದಾರೆ. ಆದರೆ ಹೂಳಿನ ಕಾಲಮಾನಕ್ಕೆ ಹಣದ ಕಾಲಮಾನವನ್ನು ಹೊಂದಿಸಿದ ಆ ಜಾಣ್ಮೆಯ ಸ್ಥಾನವು ಬಹುಮಟ್ಟಿಗೆ ತೆರವಾಗಿಯೇ ಉಳಿದಿದೆ.

ಮರ ನೆಡುವ ಕೆಲಸಕ್ಕೋ ಕೆರೆಯ ಹೂಳೆತ್ತುವ ಕೆಲಸಕ್ಕೋ ಹಣ ಕೊಡುವ ಅವಕಾಶವು ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗಾದರೂ ಒದಗಿಬರಬಹುದು. ಕಂಪನಿಯ ಸಮಿತಿಯಲ್ಲಿ, ಊರಿನ ಸಂಘದಲ್ಲಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ. ಅಂಥವರು ಹಣದ ಮೊತ್ತವನ್ನು ನಿಶ್ಚಯಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಹಣವು ಬೀಜದ ಕಾಲಕ್ಕೆ ಮುಂಚೆ ತಲಪುವುದೇ? ನಾವು ಕೇಳುವ ವರದಿಯು ನೆಟ್ಟುದನ್ನು ಎಣಿಸುವುದೋ, ಬದುಕಿದುದನ್ನೋ? ನಮ್ಮ ಅವಧಿ ತೀರಿದ ಬಳಿಕ ಬರುವ ಬೇಸಗೆಯಲ್ಲಿ ಆ ಗಿಡಕ್ಕೆ ನೀರು ಹೊರುವವರು ಯಾರು? ಮೂರನೆಯದಕ್ಕೆ ಉತ್ತರ ದೊರೆಯದಿದ್ದಲ್ಲಿ, ಹತ್ತು ಸಾವಿರ ಸಸಿಗಳ ಬದಲು ಒಂದು ಸಾವಿರವನ್ನು ನೆಡಿಸಿ, ಉಳಿದ ಹಣವನ್ನು ಆ ನೀರಿಗಾಗಿ ತೆಗೆದಿರಿಸುವುದು ಲೇಸು.